ನೋಟಿಸಿಗೂ ಬೀಗಕ್ಕೂ ನಡುವಿನ ದಿನಗಳು

ಮನೆ ಖಾಲಿ ಮಾಡಿಸುವ ದಾವೆಯ ಕಾಗದವನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಹೆಚ್ಚೆಂದರೆ ಎರಡು ಮೂರು ಹಾಳೆ. ವಾದಿಯ ಹೆಸರು, ಪ್ರತಿವಾದಿಯ ಹೆಸರು, ಬಾಕಿ ಇಷ್ಟು ಎಂಬ ಒಂದು ಅಂಕಿ, ಕೋರ್ಟಿಗೆ ಹಾಜರಾಗಬೇಕಾದ ತಾರೀಕು. ಬಾಕಿ ಯಾಕೆ ಉಳಿಯಿತು, ಸೋರುವ ಮಾಡಿನ ಬಗ್ಗೆ ಎಷ್ಟು ಸಲ ಹೇಳಿಯಾಗಿತ್ತು, ಮನೆಯಲ್ಲಿ ಹಾಸಿಗೆ ಹಿಡಿದವರು ಯಾರಾದರೂ ಇದ್ದಾರೆಯೇ, ಇದ್ಯಾವುದಕ್ಕೂ ಅದರಲ್ಲಿ ಜಾಗವಿಲ್ಲ. ಅದನ್ನೆಲ್ಲ ಬಾಡಿಗೆದಾರರೇ ಬಂದು ಹೇಳಿಕೊಳ್ಳಬೇಕು. ಹೇಳಿಕೊಳ್ಳಲು ಅವತ್ತು ಕೆಲಸ ಬಿಡಬೇಕು. ಕೆಲಸ ಬಿಟ್ಟರೆ ಆ ದಿನದ ಕೂಲಿ ಹೋಯಿತು, ಬಾಕಿ ಇನ್ನಷ್ಟು ಬೆಳೆಯಿತು.

ಹಾಗಾಗಿ ಬಹಳ ಮಂದಿ ಕೋರ್ಟಿಗೆ ಹೋಗುವುದೇ ಇಲ್ಲ. ಹೆಸರು ಕೂಗುತ್ತಾರೆ, ಉತ್ತರ ಬರುವುದಿಲ್ಲ, ಏಕಪಕ್ಷೀಯ ತೀರ್ಪು ಬರುತ್ತದೆ. ಒಂದು ಕುಟುಂಬ ಮನೆ ಕಳೆದುಕೊಳ್ಳುವ ಆ ನಿರ್ಧಾರಕ್ಕೆ ಒಂದೆರಡು ನಿಮಿಷ ಹಿಡಿದರೆ ಹೆಚ್ಚು. ಸಮಾಜಶಾಸ್ತ್ರಜ್ಞ ಮ್ಯಾಥ್ಯೂ ಡೆಸ್ಮಂಡ್ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದಲ್ಲಿ ಕಟ್ಟಿದ ‘ಎವಿಕ್ಷನ್ ಲ್ಯಾಬ್’ ಎಂಬ ಸಂಶೋಧನಾ ಕೇಂದ್ರ ಲೆಕ್ಕ ಹಾಕಿದಂತೆ, ಕೊರೊನಾಕ್ಕೆ ಮುಂಚಿನ ಸಾಮಾನ್ಯ ವರ್ಷವೊಂದರಲ್ಲಿ ಅಮೆರಿಕದಲ್ಲಿ ಸುಮಾರು 36 ಲಕ್ಷ ತೆರವು ದಾವೆಗಳು ದಾಖಲಾಗುತ್ತಿದ್ದವು. ಈ ಲೆಕ್ಕ ಕೋರ್ಟಿನ ಮೆಟ್ಟಿಲು ಹತ್ತಿದವುಗಳದ್ದು ಮಾತ್ರ. ಬಾಯಿಮಾತಿನ ಬೆದರಿಕೆಗೆ ಹೆದರಿ ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದವರು ಯಾವ ಕಡತದಲ್ಲೂ ಸಿಗುವುದಿಲ್ಲ.

ಬಡ ಬಾಡಿಗೆದಾರರ ರಕ್ಷಣೆ ಎಂದಕೂಡಲೇ ಚರ್ಚೆ ಬಾಡಿಗೆ ಏರಿಕೆಗೆ ಹಾಕುವ ಮಿತಿಯ ಸುತ್ತ ಗಿರಕಿ ಹೊಡೆಯತೊಡಗುತ್ತದೆ. ಅದೂ ಬೇಕಾದ ಚರ್ಚೆಯೇ. ಆದರೆ ಬೇರೆ ಬೇರೆ ದೇಶಗಳ ಕಾನೂನುಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಅನಿಸುವುದು ಬೇರೆ. ಈ ಕಾನೂನುಗಳ ಜೀವ ಇರುವುದು ನೋಟಿಸು ಕೈಗೆ ಬಂದ ದಿನಕ್ಕೂ ಬಾಗಿಲಿಗೆ ಬೀಗ ಬೀಳುವ ದಿನಕ್ಕೂ ನಡುವೆ. ಆ ದಿನಗಳು ಎಷ್ಟು? ಆ ದಿನಗಳಲ್ಲಿ ಬಾಡಿಗೆದಾರರು ನೆರವು ಹುಡುಕಿಕೊಂಡು ಅಲೆಯಬೇಕೋ, ನೆರವೇ ಅವರನ್ನು ಹುಡುಕಿಕೊಂಡು ಬರುತ್ತದೋ? ಒಂದು ಕಾನೂನು ಎಷ್ಟು ಮನೆಗಳನ್ನು ಉಳಿಸುತ್ತದೆ ಎಂಬುದು ಈ ಎರಡು ಪ್ರಶ್ನೆಗಳ ಉತ್ತರದ ಮೇಲೆ ನಿಂತಿದೆ.

ಇದರ ಇತಿಹಾಸ ಶುರುವಾಗುವುದೇ ಒಂದು ಗಂಟೆಯ ಸದ್ದಿನಿಂದ. 1915ರ ಗ್ಲಾಸ್ಗೋ. ಮೊದಲ ಮಹಾಯುದ್ಧ ನಡೆಯುತ್ತಿತ್ತು. ಹಡಗು ಮತ್ತು ಮದ್ದುಗುಂಡಿನ ಕಾರ್ಖಾನೆಗಳಿಗೆ ಕೆಲಸಗಾರರು ಬಂದು ತುಂಬಿದ್ದರು, ಮನೆಗಳು ಸಾಲುತ್ತಿರಲಿಲ್ಲ, ಮಾಲೀಕರು ಬಾಡಿಗೆ ಏರಿಸಿದರು. ಎಷ್ಟೋ ಮನೆಗಳಲ್ಲಿ ಗಂಡಸರು ಯುದ್ಧಕ್ಕೆ ಹೋಗಿದ್ದರು, ಬಾಡಿಗೆ ಕೊಡಬೇಕಾದವರು ಹೆಂಗಸರು. ಗೋವನ್ ಪ್ರದೇಶದಲ್ಲಿ ಮೇರಿ ಬಾರ್ಬರ್ ಮುಂದಾಳಾಗಿ ಅವರನ್ನು ಸಂಘಟಿಸಿದರು. ಕೋರ್ಟಿನ ಅಮೀನ ಬೀದಿಗೆ ಕಾಲಿಟ್ಟರೆ ಕಾವಲಿದ್ದವರು ಕೈಗಂಟೆ ಬಾರಿಸುತ್ತಿದ್ದರು. ಸದ್ದು ಕೇಳಿದ್ದೇ ತಡ, ಉಳಿದವರು ಕೈಯಲ್ಲಿದ್ದ ಕೆಲಸ ಬಿಟ್ಟು ಓಡಿಬಂದು ಮೆಟ್ಟಿಲಿಗೆ ಅಡ್ಡ ನಿಲ್ಲುತ್ತಿದ್ದರು, ಅಮೀನನ ಮೇಲೆ ಹಿಟ್ಟಿನ ಪೊಟ್ಟಣ ಎಸೆಯುತ್ತಿದ್ದರು. ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳು ಏರಿಸಿದ ಬಾಡಿಗೆ ಕೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದವು. ವರ್ಷ ಮುಗಿಯುವುದರೊಳಗೆ ಬ್ರಿಟಿಷ್ ಸಂಸತ್ತು ಕಾನೂನು ತಂದಿತು. ಸಣ್ಣ ಮನೆಗಳ ಬಾಡಿಗೆ 1914ರ ಆಗಸ್ಟಿನ ಮಟ್ಟಕ್ಕೆ ಇಳಿಯಿತು. ಬಾಡಿಗೆ ಕಟ್ಟುತ್ತಿರುವವರನ್ನು ಕೆಲವೇ ಕಾರಣಗಳಿಗಷ್ಟೇ ಹೊರಹಾಕಬಹುದು ಎಂಬ ಮಾತೂ ಅದೇ ಕಾನೂನಿನಲ್ಲಿ ಸೇರಿತು.

ಆ ಗಂಟೆ ಮಾಡಿದ ಕೆಲಸ ಎರಡು. ಸಮಯ ಕೊಟ್ಟಿತು, ಜನರನ್ನು ಕರೆತಂದಿತು. ಇಂದು ನೋಟಿಸು ಅಂಚೆಯಲ್ಲಿ ಬರುತ್ತದೆ, ಒಬ್ಬರ ಹೆಸರಿಗೆ ಬರುತ್ತದೆ, ಪಕ್ಕದ ಮನೆಯವರಿಗೂ ಗೊತ್ತಾಗುವುದಿಲ್ಲ. ನಾಚಿಕೆಯಿಂದ ಯಾರೂ ಹೇಳಿಕೊಳ್ಳುವುದೂ ಇಲ್ಲ.

ಕಾರಣ ಹೇಳದೆಯೇ ಖಾಲಿ ಮಾಡಿಸಬಹುದಾದ ಕಡೆ ಬಾಡಿಗೆದಾರರ ಉಳಿದ ಹಕ್ಕುಗಳೆಲ್ಲ ಕಾಗದದ ಮೇಲಷ್ಟೇ ಇರುತ್ತವೆ. ಇಂಗ್ಲೆಂಡಿನ 1988ರ ವಸತಿ ಕಾಯ್ದೆಯ 21ನೇ ಸೆಕ್ಷನ್ ಇದಕ್ಕೆ ಒಳ್ಳೆಯ ಉದಾಹರಣೆ. ಕರಾರಿನ ಅವಧಿ ಮುಗಿದ ಮೇಲೆ ಎರಡು ತಿಂಗಳ ನೋಟಿಸು ಕೊಟ್ಟರೆ ಸಾಕಿತ್ತು, ಯಾಕೆಂದು ಹೇಳಬೇಕಿರಲಿಲ್ಲ. ಗೋಡೆಗೆ ಬೂಷ್ಟು ಹಿಡಿದಿದೆ, ಮಗುವಿಗೆ ಕೆಮ್ಮು ನಿಲ್ಲುತ್ತಿಲ್ಲ ಎಂದು ಸ್ಥಳೀಯ ಆಡಳಿತಕ್ಕೆ ದೂರು ಕೊಡುವ ಹಕ್ಕು ಬಾಡಿಗೆದಾರರಿಗೆ ಇದ್ದೇ ಇತ್ತು. ಆದರೆ ದೂರು ಕೊಟ್ಟ ಮರುವಾರ ನೋಟಿಸು ಬಂದರೆ? ಈ ಹೆದರಿಕೆಯೇ ಬಾಯಿ ಮುಚ್ಚಿಸಲು ಸಾಕು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ ಮನೆಯ ದುಃಸ್ಥಿತಿಯ ಬಗ್ಗೆ ಅಧಿಕಾರಿಗಳಿಗೆ ದೂರು ಕೊಟ್ಟ ಬಾಡಿಗೆದಾರ ಮಹಿಳೆಯನ್ನು ಮಾಲೀಕ ಹೊರಹಾಕಲು ಹೊರಟಾಗ, ಅಲ್ಲಿನ ಮೇಲ್ಮನವಿ ನ್ಯಾಯಾಲಯ 1968ರಲ್ಲಿ ಎಡ್ವರ್ಡ್ಸ್ ವರ್ಸಸ್ ಹಬೀಬ್ ಪ್ರಕರಣದಲ್ಲಿ ಅದನ್ನು ತಡೆಯಿತು. ದೂರು ಕೊಟ್ಟದ್ದಕ್ಕೆ ಸೇಡಾಗಿ ತೆರವು ಮಾಡಿಸುವಂತಿಲ್ಲ ಎಂದಿತು. ದೊಡ್ಡ ತೀರ್ಪೇ. ಆದರೆ ಇದು ಸೇಡು ಎಂದು ಸಾಬೀತು ಮಾಡುವ ಹೊರೆ ಬಾಡಿಗೆದಾರರ ಹೆಗಲ ಮೇಲೇ ಉಳಿಯಿತು. ಕಾರಣವನ್ನೇ ಹೇಳಬೇಕಿಲ್ಲದ ಮಾಲೀಕರ ಮನಸ್ಸಿನಲ್ಲಿ ಏನಿತ್ತೆಂದು ಬಡವರು ಹೇಗೆ ತೋರಿಸಿಕೊಡುತ್ತಾರೆ?

ಆದ್ದರಿಂದಲೇ ಕಾರಣ ಹೇಳುವ ಹೊರೆಯನ್ನು ಮಾಲೀಕರ ಕಡೆಗೆ ದಾಟಿಸುವ ಕಾನೂನುಗಳು ಬಂದವು. ನ್ಯೂಜೆರ್ಸಿ ರಾಜ್ಯ 1974ರಲ್ಲೇ ತಂದಿತು. ಸ್ಕಾಟ್ಲೆಂಡ್ 2016ರ ಕಾಯ್ದೆಯ ಮೂಲಕ, ಕ್ಯಾಲಿಫೋರ್ನಿಯಾ 2019ರಲ್ಲಿ. ಇಂಗ್ಲೆಂಡಿನಲ್ಲಿ ಸೆಕ್ಷನ್ 21 ತೆಗೆಯುತ್ತೇವೆಂದು ಸರ್ಕಾರ ಮಾತು ಕೊಟ್ಟದ್ದು 2019ರ ಏಪ್ರಿಲ್‌ನಲ್ಲಿ. 2023ರಲ್ಲಿ ಮಂಡನೆಯಾದ ಮಸೂದೆ 2024ರ ಚುನಾವಣೆ ಬಂದಾಗ ಬಿದ್ದುಹೋಯಿತು. ಕೊನೆಗೆ ಬಾಡಿಗೆದಾರರ ಹಕ್ಕುಗಳ ಕಾಯ್ದೆಗೆ ಅಂಕಿತ ಬಿದ್ದದ್ದು 2025ರ ಅಕ್ಟೋಬರ್ 27ರಂದು. ಸೆಕ್ಷನ್ 21 ಕೊನೆಗೊಳ್ಳಲು 2026ರ ಮೇ 1ನೇ ತಾರೀಕು ಗೊತ್ತುಮಾಡಿದರು. ಮಾತಿಗೂ ಕಾನೂನಿಗೂ ನಡುವಿನ ಈ ಏಳು ವರ್ಷಗಳಲ್ಲಿ ನೋಟಿಸುಗಳು ಹೋಗುತ್ತಲೇ ಇದ್ದವು.

ಹೊಸ ಕಾಯ್ದೆಯಲ್ಲಿ ಮಾಲೀಕರು ಮನೆ ಮಾರಬೇಕೆಂದೋ ತಾವೇ ವಾಸಕ್ಕೆ ಬರಬೇಕೆಂದೋ ಖಾಲಿ ಮಾಡಿಸಬಹುದು. ಆದರೆ ಮೊದಲ 12 ತಿಂಗಳಲ್ಲಿ ಹಾಗೆ ಮಾಡುವಂತಿಲ್ಲ, ಮಾಡುವಾಗ ನಾಲ್ಕು ತಿಂಗಳ ನೋಟಿಸು ಕೊಡಬೇಕು. ಆ ಕಾರಣ ಕೊಟ್ಟು ಖಾಲಿ ಮಾಡಿಸಿದ ಮನೆಯನ್ನು 12 ತಿಂಗಳು ಮತ್ತೆ ಬಾಡಿಗೆಗೆ ಕೊಡುವಂತಿಲ್ಲ. ಈ ಕೊನೆಯ ಷರತ್ತು ಇಲ್ಲದಿದ್ದರೆ ‘ಮಾರುತ್ತೇನೆ’ ಎಂಬುದು ಎಲ್ಲರ ಬಾಯಲ್ಲೂ ಸಿದ್ಧ ಕಾರಣವಾಗುತ್ತಿತ್ತು. ಬಾಕಿಯ ವಿಚಾರದಲ್ಲಿ, ಕೋರ್ಟು ತೆರವಿಗೆ ಆದೇಶ ಕೊಡಲೇಬೇಕಾದ ಮಟ್ಟ ಎರಡು ತಿಂಗಳಿಂದ ಮೂರು ತಿಂಗಳಿಗೆ ಏರಿದೆ, ನೋಟಿಸಿನ ಅವಧಿ ಎರಡು ವಾರದಿಂದ ನಾಲ್ಕಕ್ಕೆ. ಕಾಗದದಲ್ಲಿ ಸಣ್ಣ ತಿದ್ದುಪಡಿ. ಕೆಲಸ ಕಳೆದುಕೊಂಡು ಹೊಸ ಕೆಲಸದ ಮೊದಲ ಸಂಬಳಕ್ಕೆ ಕಾಯುತ್ತಿರುವವರಿಗೆ ಆ ಒಂದು ತಿಂಗಳೇ ಎಲ್ಲ.

ನಾನು ಹೆಚ್ಚು ಹೊತ್ತು ನಿಂತು ನೋಡಿದ್ದು ಜರ್ಮನಿಯ ಕಾನೂನನ್ನು. ಅಲ್ಲಿನ ನಾಗರಿಕ ಸಂಹಿತೆಯ 573ನೇ ಸೆಕ್ಷನ್ ಪ್ರಕಾರ ಕಾನೂನು ಒಪ್ಪುವ ಹಿತಾಸಕ್ತಿ ಇಲ್ಲದೆ ಮಾಲೀಕರು ಕರಾರು ಮುರಿಯುವಂತಿಲ್ಲ. ಬಾಡಿಗೆ ಏರಿಸುವ ಸಲುವಾಗಿ ಖಾಲಿ ಮಾಡಿಸುವುದಂತೂ ಸಾಧ್ಯವೇ ಇಲ್ಲ. ಮಾಲೀಕರು ಕೊಡಬೇಕಾದ ನೋಟಿಸಿನ ಅವಧಿ ಮೂರು ತಿಂಗಳಿಂದ ಶುರುವಾಗಿ, ಐದು ವರ್ಷ ಕಳೆದ ಬಾಡಿಗೆದಾರರಿಗೆ ಆರು ತಿಂಗಳು, ಎಂಟು ವರ್ಷ ಕಳೆದವರಿಗೆ ಒಂಬತ್ತು ತಿಂಗಳು ಆಗುತ್ತದೆ. ಒಂದೇ ಮನೆಯಲ್ಲಿ ಹೆಚ್ಚು ಕಾಲ ಇದ್ದವರ ಬೇರು ಆಳಕ್ಕೆ ಇಳಿದಿರುತ್ತದೆ, ಕಿತ್ತು ಬೇರೆಡೆ ನೆಡಲು ಹೆಚ್ಚು ಸಮಯ ಬೇಕು ಎಂಬ ತಿಳಿವಳಿಕೆ ಈ ಲೆಕ್ಕದ ಹಿಂದಿದೆ.

ಬಾಕಿ ಇದ್ದರೆ? ಎರಡು ತಿಂಗಳ ಬಾಡಿಗೆಯಷ್ಟು ಬಾಕಿಯಾದರೆ ಅಲ್ಲಿಯೂ ಮಾಲೀಕರು ತಕ್ಷಣವೇ ಕರಾರು ಮುರಿಯಬಹುದು, ಈ ವಿಷಯದಲ್ಲಿ ಕಾನೂನು ಮೆತ್ತಗಿಲ್ಲ. ಆದರೆ ದಾವೆಯ ಕಾಗದ ಕೈಗೆ ಬಂದ ಮೇಲೆ ಎರಡು ತಿಂಗಳ ವಾಯಿದೆ ಇದೆ. ಅಷ್ಟರೊಳಗೆ ಬಾಕಿ ಪೂರ್ತಿ ಸಂದಾಯವಾದರೆ, ಇಲ್ಲವೇ ಸರ್ಕಾರಿ ಸಂಸ್ಥೆಯೊಂದು ನಾವು ಕೊಡುತ್ತೇವೆ ಎಂದು ಒಪ್ಪಿಕೊಂಡರೆ, ತಕ್ಷಣದ ಆ ಮುರಿತ ರದ್ದಾಗುತ್ತದೆ. ಎರಡು ವರ್ಷದೊಳಗೆ ಮತ್ತೊಮ್ಮೆ ಈ ಅವಕಾಶ ಸಿಗದು. ಇನ್ನೂ ಮುಖ್ಯವಾದ ಸಂಗತಿ ಬೇರೊಂದು ಕಾನೂನಿನಲ್ಲಿ, ಸಮಾಜ ಕಲ್ಯಾಣದ ಸಂಹಿತೆಯಲ್ಲಿ ಇದೆ: ಬಾಕಿಗಾಗಿ ತೆರವಿನ ದಾವೆ ದಾಖಲಾದರೆ ಕೋರ್ಟೇ ಅದನ್ನು ಸ್ಥಳೀಯ ಕಲ್ಯಾಣ ಕಚೇರಿಗೆ ತಿಳಿಸಬೇಕು. ಬಾಡಿಗೆದಾರರು ಅರ್ಜಿ ಹಾಕುವವರೆಗೆ, ಕಚೇರಿ ಯಾವುದೆಂದು ಹುಡುಕುವವರೆಗೆ, ಧೈರ್ಯ ಮಾಡಿ ಬಾಗಿಲು ತಟ್ಟುವವರೆಗೆ ಕಾಯಬೇಕಿಲ್ಲ. ನೋಟಿಸು ಬಂದ ಮನೆಯ ವಿಳಾಸ ನೆರವು ಕೊಡಬಲ್ಲವರ ಮೇಜಿಗೂ ಹೋಗುತ್ತದೆ. ಗ್ಲಾಸ್ಗೋದ ಹೆಂಗಸರು ಕೈಯಿಂದ ಬಾರಿಸಿದ ಗಂಟೆಯನ್ನು ಇಲ್ಲಿ ಕಾನೂನೇ ಬಾರಿಸುತ್ತದೆ.

ಯಾಕೆ ಇದು ಇಷ್ಟು ಮುಖ್ಯ ಎಂದರೆ, ಸಂಕಟದಲ್ಲಿರುವವರು ಕಾಗದ ತೆರೆಯುವುದಿಲ್ಲ. ಬಾಕಿ ಇರುವ ಮನೆಗಳಲ್ಲಿ ಒಡೆಯದ ಲಕೋಟೆಗಳು ಮೂಲೆಯಲ್ಲಿ ರಾಶಿ ಬೀಳುತ್ತವೆ. ಇದನ್ನು ಬೇಜವಾಬ್ದಾರಿ ಎಂದು ಬಯ್ಯುವವರಿದ್ದಾರೆ. ನನಗದು ಭಯದ ಅತ್ಯಂತ ಸಹಜ ರೂಪವಾಗಿ ಕಾಣುತ್ತದೆ. ಭಯದಲ್ಲಿರುವವರೇ ಮೊದಲ ಹೆಜ್ಜೆ ಇಡಬೇಕು ಎಂದು ನಿರೀಕ್ಷಿಸುವ ಕಾನೂನು ಅವರನ್ನು ತಲುಪುವುದೇ ಇಲ್ಲ.

ನ್ಯೂಯಾರ್ಕ್ ನಗರ ಹಿಡಿದ ದಾರಿ ಬೇರೆ. 2013ರಲ್ಲಿ ಅಲ್ಲಿನ ವಸತಿ ನ್ಯಾಯಾಲಯದಲ್ಲಿ ವಕೀಲರಿದ್ದ ಬಾಡಿಗೆದಾರರು ನೂರಕ್ಕೆ ಒಬ್ಬರು, ಮಾಲೀಕರಲ್ಲಿ ಬಹುಪಾಲು ಮಂದಿಗೆ ವಕೀಲರಿದ್ದರು. ಕೋರ್ಟಿನ ಪಡಸಾಲೆಯಲ್ಲೇ ಮಾಲೀಕರ ವಕೀಲರು ಒಂದು ರಾಜಿಪತ್ರ ಮುಂದಿಡುವುದು, ಬಾಡಿಗೆದಾರರು ಅದರಲ್ಲೇನಿದೆ ಎಂದು ಪೂರ್ತಿ ತಿಳಿಯದೆ ಸಹಿ ಹಾಕುವುದು ದಿನದ ಪಾಡಾಗಿತ್ತು. 2017ರ ಆಗಸ್ಟಿನಲ್ಲಿ ನಗರ ಹೊಸ ಕಾನೂನು ಮಾಡಿತು: ಕಡಿಮೆ ವರಮಾನದ ಬಾಡಿಗೆದಾರರಿಗೆ ತೆರವಿನ ದಾವೆಯಲ್ಲಿ ನಗರದ ಖರ್ಚಿನಲ್ಲೇ ವಕೀಲರು. ಅಮೆರಿಕದಲ್ಲಿ ಇಂಥ ಹಕ್ಕು ಕೊಟ್ಟ ಮೊದಲ ನಗರ ಅದು. 2021ರಲ್ಲಿ ವಾಷಿಂಗ್ಟನ್ ರಾಜ್ಯ ಇಡೀ ರಾಜ್ಯಕ್ಕೆ ಅನ್ವಯಿಸುವಂತೆ ಇದೇ ಹಕ್ಕು ಕೊಟ್ಟಿತು. ನ್ಯೂಯಾರ್ಕ್ ನಗರಾಡಳಿತದ ವರದಿಗಳ ಪ್ರಕಾರ, ಆರಂಭದ ವರ್ಷಗಳಲ್ಲಿ ಹೀಗೆ ವಕೀಲರು ಸಿಕ್ಕಿ ಕೋರ್ಟಿನಲ್ಲಿ ವಾದಿಸಿದ ಕುಟುಂಬಗಳ ಪೈಕಿ ಸುಮಾರು 84 ಪ್ರತಿಶತ ತಮ್ಮ ಮನೆಯಲ್ಲೇ ಉಳಿದವು.

ವಕೀಲರು ಮಾಡಿದ್ದೇನು? ಪವಾಡವೇನಲ್ಲ. ಬಾಕಿಯ ಲೆಕ್ಕ ಸರಿಯಿದೆಯೇ ಎಂದು ನೋಡಿದರು, ನೋಟಿಸು ಕಾನೂನಿನಂತೆ ತಲುಪಿದೆಯೇ ಎಂದು ಕೇಳಿದರು, ದುರಸ್ತಿಯಾಗದ ಮನೆಗೆ ಪೂರ್ತಿ ಬಾಡಿಗೆ ಯಾಕೆ ಎಂದು ತಕರಾರು ಎತ್ತಿದರು, ಸರ್ಕಾರದ ತುರ್ತು ಸಹಾಯಧನಕ್ಕೆ ಅರ್ಜಿ ತುಂಬಿಸಿದರು, ಅದು ಬರುವವರೆಗೆ ವಾಯಿದೆ ಕೇಳಿದರು. ಕಾನೂನಿನ ಪುಸ್ತಕದಲ್ಲಿ ಮೊದಲಿಂದ ಇದ್ದ ರಕ್ಷಣೆಗಳೇ ಇವೆಲ್ಲ, ಎತ್ತಿಕೊಟ್ಟು ಓದುವವರಿರಲಿಲ್ಲ ಅಷ್ಟೆ. ಕೊರೊನಾ ಕಾಲದಲ್ಲಿ ನ್ಯೂಯಾರ್ಕ್ ರಾಜ್ಯ ಮನೆ ಖಾಲಿ ಮಾಡಿಸುವುದಕ್ಕೆ ಹಾಕಿದ್ದ ತಡೆ 2022ರ ಜನವರಿಯಲ್ಲಿ ಮುಗಿದು ದಾವೆಗಳು ಒಮ್ಮೆಲೇ ನುಗ್ಗಿದಾಗ ವಕೀಲರು ಸಾಲದೆ ಎಷ್ಟೋ ಮಂದಿ ಮತ್ತೆ ಒಂಟಿಯಾಗಿ ನಿಲ್ಲಬೇಕಾಯಿತು. ಕಾನೂನಿನಲ್ಲಿ ಹಕ್ಕು ಬರೆದವರು ಅದಕ್ಕೆ ತಕ್ಕಷ್ಟು ಹಣವನ್ನೂ ಪ್ರತಿವರ್ಷ ಬಜೆಟ್ಟಿನಲ್ಲಿ ಬರೆಯಬೇಕಾಗುತ್ತದೆ.

ಕೊರೊನಾ ಕಾಲ ಇನ್ನೊಂದು ಪಾಠ ಕಲಿಸಿತು. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ 2020ರ ಸೆಪ್ಟೆಂಬರ್‌ನಲ್ಲಿ ಬಾಕಿಗಾಗಿ ತೆರವು ಮಾಡಿಸುವುದಕ್ಕೆ ದೇಶವ್ಯಾಪಿ ತಡೆ ಹಾಕಿತು. 2021ರ ಆಗಸ್ಟ್ 26ರಂದು ಸುಪ್ರೀಂ ಕೋರ್ಟು, ಸಂಸ್ಥೆಗೆ ಆ ಅಧಿಕಾರವಿಲ್ಲವೆಂದು ತಡೆಯನ್ನು ಕೊನೆಗೊಳಿಸಿತು. ಆ ನಡುವೆ ಲಕ್ಷಾಂತರ ಜನರ ತಲೆಯ ಮೇಲೆ ಸೂರು ಉಳಿಯಿತು, ಅದನ್ನು ಸಣ್ಣದೆನ್ನಲಾಗದು. ಆದರೆ ತಡೆ ಇದ್ದಷ್ಟು ಕಾಲವೂ ಬಾಕಿ ಬೆಳೆಯುತ್ತಲೇ ಇತ್ತು, ಮಾಲೀಕರ ಸಾಲದ ಕಂತೂ ನಿಲ್ಲಲಿಲ್ಲ. ಇದಕ್ಕಾಗಿ ಸಂಸತ್ತು ಎರಡು ಕಂತಿನಲ್ಲಿ ಸುಮಾರು 4,650 ಕೋಟಿ ಡಾಲರ್ ಬಾಡಿಗೆ ನೆರವು ಮಂಜೂರು ಮಾಡಿತು. ಹಣ ಇತ್ತು, ತಲುಪಿಸುವ ಕೈಗಳಿರಲಿಲ್ಲ. ಹಲವು ರಾಜ್ಯಗಳಲ್ಲಿ ಅರ್ಜಿ ನಮೂನೆಗಳು ಉದ್ದುದ್ದ, ಕೇಳಿದ ದಾಖಲೆಗಳು ಹತ್ತಾರು, ಮೊದಲ ತಿಂಗಳುಗಳಲ್ಲಿ ಹಂಚಿಕೆ ಬಹಳ ನಿಧಾನ. ತೆರವಿಗೆ ಹಾಕುವ ತಡೆ ಮತ್ತು ಬಾಕಿ ತೀರಿಸುವ ಹಣ ಒಟ್ಟಿಗೆ ಬಂದರೆ ಮನೆ ಉಳಿಯುತ್ತದೆ, ಒಂದೇ ಬಂದರೆ ಕಷ್ಟದ ದಿನ ಮುಂದಕ್ಕೆ ಹೋಗುತ್ತದೆ. ಫ್ರಾನ್ಸಿನ ಚಳಿಗಾಲದ ತಡೆಯೂ ಹೀಗೆಯೇ. 1954ರ ಭೀಕರ ಚಳಿಯ ನಂತರ, 1956ರಲ್ಲಿ ಬಂದ ಆ ಕಾನೂನು ಈಗ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ತೆರವನ್ನು ತಡೆಯುತ್ತದೆ. ಮಾನವೀಯವಾದ ನಿಯಮ, ಇರಲೇಬೇಕಾದದ್ದು. ಆದರೆ ಏಪ್ರಿಲ್ ಬಂದೇ ಬರುತ್ತದೆ.

ಹೊರಹಾಕಿದ ಮೇಲೆ ಆ ಜನ ಎಲ್ಲಿಗೆ ಹೋಗುತ್ತಾರೆ ಎಂಬ ಪ್ರಶ್ನೆಯನ್ನು ಹೆಚ್ಚಿನ ಕಾನೂನುಗಳು ಕೇಳುವುದೇ ಇಲ್ಲ. ದಕ್ಷಿಣ ಆಫ್ರಿಕಾ ಕೇಳಿತು. ಜನರನ್ನು ಗುಂಪುಗುಂಪಾಗಿ ಒಕ್ಕಲೆಬ್ಬಿಸಿದ ವರ್ಣಭೇದದ ಕಾಲವನ್ನು ಕಂಡ ದೇಶ ಅದು. ಎಲ್ಲ ಸಂದರ್ಭಗಳನ್ನೂ ಪರಿಗಣಿಸಿ ನ್ಯಾಯಾಲಯ ಆದೇಶ ಕೊಡದೆ ಯಾರನ್ನೂ ಮನೆಯಿಂದ ಹೊರಹಾಕುವಂತಿಲ್ಲ ಎಂದು ಅದರ ಸಂವಿಧಾನದ 26ನೇ ವಿಧಿಯೇ ಹೇಳುತ್ತದೆ. 2011ರ ಬ್ಲೂ ಮೂನ್‌ಲೈಟ್ ಪ್ರಕರಣದಲ್ಲಿ ಸಂವಿಧಾನ ನ್ಯಾಯಾಲಯ ಇನ್ನೂ ಮುಂದೆ ಹೋಯಿತು. ತೆರವು ಮಾಡಿಸುತ್ತಿರುವುದು ಖಾಸಗಿ ಮಾಲೀಕರೇ ಆದರೂ, ಬೀದಿಗೆ ಬೀಳುವ ಬಡವರಿಗೆ ತಾತ್ಕಾಲಿಕ ವಸತಿ ಒದಗಿಸುವ ಹೊಣೆಯಿಂದ ಜೋಹಾನ್ಸ್‌ಬರ್ಗ್ ನಗರ ತಪ್ಪಿಸಿಕೊಳ್ಳುವಂತಿಲ್ಲ ಎಂದಿತು. ಆ ತೀರ್ಪಿನಲ್ಲಿ ಮಾಲೀಕರಿಗೆ ಅವರ ಕಟ್ಟಡ ಸಿಕ್ಕಿತು, ಆದರೆ ತೆರವಿನ ತಾರೀಕು ನಗರ ವಸತಿ ಒದಗಿಸಬೇಕಾದ ತಾರೀಕಿನ ನಂತರಕ್ಕೆ ನಿಗದಿಯಾಯಿತು.

ಭಾರತದ 2021ರ ಮಾದರಿ ಬಾಡಿಗೆ ಕಾಯ್ದೆಯ ಒಲವು ಬೇರೆ ಕಡೆಗಿದೆ. ಖಾಲಿ ಬಿದ್ದಿರುವ ಮನೆಗಳು ಬಾಡಿಗೆಗೆ ಬರಲಿ ಎಂಬುದು ಅದರ ಉದ್ದೇಶ. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ, ನೀರು ವಿದ್ಯುತ್ ಕತ್ತರಿಸುವಂತಿಲ್ಲ ಎಂಬ ಒಳ್ಳೆಯ ಮಾತುಗಳು ಅದರಲ್ಲಿವೆ. ಆದರೆ ಅವಧಿ ಮುಗಿದೂ ಮನೆ ಬಿಡದವರು ಮೊದಲ ಎರಡು ತಿಂಗಳು ಬಾಡಿಗೆಯ ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಕೊಡಬೇಕು. ಬೇರೆ ಮನೆ ಸಿಗದೆ ಉಳಿದವರಿಗೂ ಬೇಕೆಂದೇ ಕೂತವರಿಗೂ ಒಂದೇ ಲೆಕ್ಕ. ಎಷ್ಟೋ ರಾಜ್ಯಗಳು ಇದನ್ನು ಅಳವಡಿಸಿಕೊಳ್ಳುವ ಮುನ್ನ ಈ ಒಂದು ಕಲಮನ್ನು ಮತ್ತೆ ಓದಿಕೊಳ್ಳಬೇಕು.

ಮಾಲೀಕರ ಮಾತನ್ನೂ ಕೇಳಬೇಕು. ಎಲ್ಲ ಮಾಲೀಕರೂ ಕುಳಗಳಲ್ಲ. ಜೀವಮಾನದ ಉಳಿತಾಯ ಹಾಕಿ ಕಟ್ಟಿಸಿದ ಒಂದೇ ಮನೆಯ ಬಾಡಿಗೆಯಲ್ಲಿ ಮುಪ್ಪಿನ ದಿನ ನೂಕುವವರಿದ್ದಾರೆ. ಅವರ ದೊಡ್ಡ ದೂರು ಕಾನೂನಿನ ಬಗ್ಗೆಗಿಂತ ಕೋರ್ಟಿನ ವಿಳಂಬದ ಬಗ್ಗೆ, ಅದರಲ್ಲಿ ಹುರುಳಿದೆ. ಕಾನೂನು ಬಿಗಿಯಾದರೆ ಬಾಡಿಗೆ ಮನೆಗಳೇ ಕಡಿಮೆಯಾಗುತ್ತವೆ ಎಂಬ ವಾದಕ್ಕೂ ಆಧಾರವಿದೆ. ಸ್ಯಾನ್ ಫ್ರಾನ್ಸಿಸ್ಕೊ ನಗರ 1994ರಲ್ಲಿ ಬಾಡಿಗೆ ನಿಯಂತ್ರಣವನ್ನು ಸಣ್ಣ ಕಟ್ಟಡಗಳಿಗೆ ವಿಸ್ತರಿಸಿದ್ದರ ಫಲವನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞರು ಅಧ್ಯಯನ ಮಾಡಿ 2019ರಲ್ಲಿ ಪ್ರಕಟಿಸಿದರು. ಬಾಡಿಗೆದಾರರು ಅದೇ ಮನೆಯಲ್ಲಿ ಉಳಿಯುವ ಸಾಧ್ಯತೆ ಹೆಚ್ಚಿತು. ಅದೇ ಹೊತ್ತಿಗೆ ಕೆಲವು ಮಾಲೀಕರು ಕಟ್ಟಡಗಳನ್ನು ಮಾರಾಟದ ಫ್ಲ್ಯಾಟುಗಳಾಗಿ ಬದಲಿಸಿ, ಆ ಕಟ್ಟಡಗಳಲ್ಲಿ ಬಾಡಿಗೆಗೆ ಸಿಗುವ ಮನೆಗಳನ್ನು 15 ಪ್ರತಿಶತ ಕಡಿಮೆ ಮಾಡಿದರು. ಆದರೆ ಇದು ಬಾಡಿಗೆಗೆ ಮಿತಿ ಹಾಕಿದ್ದರ ಫಲ. ಕಾರಣ ಕೇಳುವುದು, ವಕೀಲರನ್ನು ಕೊಡುವುದು, ಬಾಕಿ ತೀರಿಸಲು ಎರಡು ತಿಂಗಳು ಬಿಡುವುದು ಬೇರೆ ಮಾತು. ಬಾಕಿ ಸಂದಾಯವಾಗುವುದರಿಂದ ಮಾಲೀಕರಿಗೂ ನಷ್ಟವಿಲ್ಲ.

ಸರ್ಕಾರದ ಬೊಕ್ಕಸಕ್ಕೂ ಇದರ ಲೆಕ್ಕ ಬೇರೆಯೇ ಬರುತ್ತದೆ. ನ್ಯೂಯಾರ್ಕ್ ನಗರದ ಮತ್ತು ಶಿಕಾಗೊ ಇರುವ ಕುಕ್ ಕೌಂಟಿಯ ಕೋರ್ಟ್ ದಾಖಲೆಗಳನ್ನು ಆಧರಿಸಿದ, 2024ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೃದು ನ್ಯಾಯಾಧೀಶರ ಮುಂದೆಯೂ ಕಠಿಣ ನ್ಯಾಯಾಧೀಶರ ಮುಂದೆಯೂ ಚೀಟಿ ಎತ್ತಿದಂತೆ ಹಂಚಿಹೋದ ಪ್ರಕರಣಗಳನ್ನು ಹೋಲಿಸಿತು. ತೆರವಾದವರಲ್ಲಿ ನೆಲೆ ತಪ್ಪುವುದು, ಆಸ್ಪತ್ರೆ ಸೇರುವುದು ಹೆಚ್ಚಿತ್ತು, ದುಡಿಮೆ ಕುಗ್ಗಿತ್ತು. ಬಡತನ ತೆರವಿಗೆ ಕಾರಣ ಎಂಬುದು ಎಲ್ಲರಿಗೂ ಗೊತ್ತಿತ್ತು. ತೆರವು ಬಡತನವನ್ನು ಹುಟ್ಟಿಸುತ್ತದೆ ಎಂಬುದನ್ನು ಈ ಹೋಲಿಕೆ ತೋರಿಸಿಕೊಟ್ಟಿತು.

ಕೋರ್ಟಿನ ದಾರಿ ಬಿಗಿಯಾದಷ್ಟೂ ಅಡ್ಡದಾರಿಯ ಆಸೆ ಹೆಚ್ಚುತ್ತದೆ. ಬೀಗ ಬದಲಿಸುವುದು, ನೀರು ನಿಲ್ಲಿಸುವುದು, ಬಾಗಿಲು ಕಿತ್ತುಕೊಂಡು ಹೋಗುವುದು. ಇಂಗ್ಲೆಂಡಿನಲ್ಲಿ 1977ರ ಕಾಯ್ದೆಯ ಪ್ರಕಾರ ಇವೆಲ್ಲ ಅಪರಾಧ. ಆದರೆ ಸಾಮಾನು ಬೀದಿಯಲ್ಲಿ ಬಿದ್ದಾಗ ಸ್ಥಳಕ್ಕೆ ಬಂದ ಪೊಲೀಸರು ‘ಇದು ಸಿವಿಲ್ ವ್ಯಾಜ್ಯ, ಕೋರ್ಟಿಗೆ ಹೋಗಿ’ ಎಂದರೆ ಆ ಕಾಯ್ದೆ ಅಲ್ಲಿಗೆ ಮುಗಿಯಿತು. ಬೀದಿಯಲ್ಲಿ ಬಿದ್ದ ಆ ಸಾಮಾನಿನಲ್ಲಿ ಹಾಸಿಗೆ, ಸ್ಟೌ, ಮಗುವಿನ ಶಾಲೆ ಚೀಲದ ಜೊತೆ ಗುರುತಿನ ಚೀಟಿ, ಔಷಧದ ಚೀಟಿ, ಸಂಬಳದ ರಸೀದಿಗಳೂ ಇರುತ್ತವೆ. ಅವು ಕಳೆದುಹೋದರೆ ಮುಂದೆ ಯಾವ ನೆರವಿಗೂ ಅರ್ಜಿ ಹಾಕಲಾಗುವುದಿಲ್ಲ.

ಕೊನೆಯದಾಗಿ, ಅಷ್ಟಾಗಿ ಯಾರೂ ಮಾತಾಡದ ಕಡತದ ವಿಚಾರ. ಅಮೆರಿಕದಲ್ಲಿ ತೆರವಿನ ದಾವೆಯ ದಾಖಲೆಗಳನ್ನು ಖಾಸಗಿ ಕಂಪನಿಗಳು ಕಲೆಹಾಕಿ, ಬಾಡಿಗೆಗೆ ಬರುವವರ ಹಿನ್ನೆಲೆ ನೋಡುವ ಮಾಲೀಕರಿಗೆ ಮಾರುತ್ತವೆ. ದಾವೆ ವಜಾ ಆಗಿರಬಹುದು, ಬಾಡಿಗೆದಾರರೇ ಗೆದ್ದಿರಬಹುದು, ಬಾಕಿ ತೀರಿಸಿ ರಾಜಿಯಾಗಿರಬಹುದು. ವರದಿಯಲ್ಲಿ ಹೆಸರು ಕಂಡರೆ ಸಾಕು, ಮುಂದಿನ ಮನೆಯ ಬಾಗಿಲು ಮುಚ್ಚಿತು. ಕ್ಯಾಲಿಫೋರ್ನಿಯಾ 2016ರಲ್ಲಿ ಈ ಕ್ರಮವನ್ನು ತಿರುಗಿಸಿತು: ದಾವೆ ಹೂಡಿದ 60 ದಿನಗಳೊಳಗೆ ಮಾಲೀಕರು ಗೆದ್ದರೆ ಮಾತ್ರ ದಾಖಲೆ ಸಾರ್ವಜನಿಕರಿಗೆ ತೆರೆಯುತ್ತದೆ, ಇಲ್ಲವಾದರೆ ಮುಚ್ಚಿಯೇ ಇರುತ್ತದೆ. ಬಾಡಿಗೆದಾರರು ಅರ್ಜಿ ಹಾಕಬೇಕಿಲ್ಲ, ವಕೀಲರನ್ನು ಹಿಡಿಯಬೇಕಿಲ್ಲ, ಇಂಥದೊಂದು ನಿಯಮ ಇದೆಯೆಂದು ಅವರಿಗೆ ಗೊತ್ತಿರಬೇಕಾದ್ದೂ ಇಲ್ಲ.